ವಿಯೆನ್ನಾ ಬಾಗಿಲ ತನಕ

ವಿಯೆನ್ನಾದ ನಕ್ಷೆ ಹರಡಿದರೆ ಪೆರಿಹಾನಳ ಬಾಲ್ಕನಿಯ ಮೇಜು ಪೂರ್ತಿ ತುಂಬಿಹೋಗುತ್ತಿತ್ತು. ಇಜ್ಮಿರ್‌ನ ಕಡಲಗಾಳಿಗೆ ಅದು ಹಾರದಿರಲೆಂದು ಮೂಲೆಗೊಂದು ಟೀ ಲೋಟ ಇಟ್ಟಿದ್ದೆವು. ನಾವಿದ್ದದ್ದು ಮೂವರು, ಹಾಗಾಗಿ ನಾಲ್ಕನೆಯ ಮೂಲೆಗೆ ಸೂರ್ಯಕಾಂತಿ ಬೀಜದ ಬಟ್ಟಲು.

"ಈ ಕೆಂಪು ಗೆರೆ ಏನೇ?" ಎಂದರು ಸಬಿಹಾ ತೇಜೆ. ಅವರು ಪೆರಿಹಾನಳ ತಾಯಿ, ಎಂಬತ್ತು ದಾಟಿದವರು. ಹಾಸ್ಟೆಲಿನ ದಿನಗಳಿಂದ ನನಗೂ ಅವರು ತೇಜೆ, ಅಂದರೆ ಚಿಕ್ಕಮ್ಮ.

"ಟ್ರಾಮಿನ ದಾರಿ, ತೇಜೆ. ಎಪ್ಪತ್ತೊಂದನೇ ನಂಬರು. ಸೀದಾ ಸ್ಮಶಾನಕ್ಕೆ ಹೋಗುತ್ತೆ."

"ನಿನ್ ಬಾಯಲ್ಲಿ ಒಳ್ಳೇ ಮಾತೇ ಬರಲ್ವೇನೆ ನಿಲ್ಗುನ್? ರಜಾಕ್ಕೆ ಹೋಗೋರು ಯಾರಾದ್ರೂ ಸ್ಮಶಾನ ನೋಡ್ತಾರಾ? ಅಷ್ಟು ಆಸೆ ಇದ್ರೆ ನನ್ನ ಗಂಡ ಮಲಗಿರೋದು ಇಲ್ಲೇ, ಬಸ್ಸಲ್ಲಿ ಎರಡು ಸ್ಟಾಪು. ಹೋಗಿ ಹೂವಿನ ಗಿಡಕ್ಕೆ ನೀರಾದ್ರೂ ಹಾಕಿ ಬಾ."

"ಅಮ್ಮಾ, ಅಲ್ಲಿರೋದು ಇವಳ ಪ್ರಿಯತಮ," ಎಂದಳು ಪೆರಿಹಾನ್, ಬೀಜದ ಸಿಪ್ಪೆ ಉಗುಳುತ್ತ. "ಇವಳು ಹುಟ್ಟೋಕೆ ಮುಂಚೇನೇ ಸತ್ತುಹೋದ, ಪಾಪ. ಬಚಾವಾದ."

ಪ್ರಿಯತಮ ಒಬ್ಬ ಭೌತವಿಜ್ಞಾನಿ. ನಾವಿಬ್ಬರೂ ರಸಾಯನಶಾಸ್ತ್ರ ಓದುತ್ತಿದ್ದಾಗ ನಮ್ಮ ಪ್ರೊಫೆಸರು ಹಲಗೆಯ ಮೇಲೆ ಪುಟ್ಟದೊಂದು ಸೂತ್ರ ಬರೆದಿದ್ದರು. ಜಗತ್ತಿನ ಅಸ್ತವ್ಯಸ್ತತೆಯನ್ನು ಅಳೆಯುವ ಸೂತ್ರ ಅದು. ಕಂಡುಹಿಡಿದವನ ಸಮಾಧಿಕಲ್ಲಿನ ಮೇಲೆ ಬೇರೆ ಮಾತಿನ ಹಂಗಿಲ್ಲದೆ ಅದನ್ನೇ ಕೆತ್ತಿದ್ದಾರೆ, ವಿಯೆನ್ನಾದಲ್ಲಿದೆ ಎಂದಿದ್ದರು. ಕೊನೆಯ ಬೆಂಚಿನಲ್ಲಿ ಕೂತಿದ್ದ ಪೆರಿಹಾನ್ ನನ್ನ ಮೊಣಕೈ ತಿವಿದು, "ಒಂದಿನ ಇಬ್ರೂ ಅದರ ಮುಂದೆ ನಿಂತ್ಕೋಬೇಕು ಕಣೇ, ಮಾತು ಕೊಡು," ಎಂದಳು. ಕೊಟ್ಟೆ. ಮಾತು ಕೇಳಿದ್ದು ಅವಳು. ಇದನ್ನು ನಾನು ಆಮೇಲೆ ಬಹಳ ಸಲ ನೆನೆಸಿಕೊಂಡಿದ್ದೇನೆ.

ನಾನು ಸರ್ಕಾರಿ ಶಾಲೆಯ ಶಿಕ್ಷಕಿಯಾದೆ. ಸೇವೆ ಹಿರಿದಾದ ಮೇಲೆ ನಮ್ಮಂಥವರಿಗೆ ಹಸಿರು ಪಾಸ್‌ಪೋರ್ಟು ಸಿಗುತ್ತದೆ. ವೀಸಾ ಬೇಡ, ಟಿಕೆಟು ಕೊಂಡು ಹತ್ತಿದರಾಯಿತು. ಪೆರಿಹಾನ್ ಖಾಸಗಿ ಟ್ಯೂಷನ್ ಕೇಂದ್ರ ಸೇರಿದಳು. ಅವಳದು ಎಲ್ಲರಂಥ ಮಾಮೂಲಿ ಪಾಸ್‌ಪೋರ್ಟು. ಎರಡು ಸಲ ವೀಸಾ ಕೇಳಿದಳು, ಎರಡು ಸಲವೂ ಇಲ್ಲ ಎಂದರು. "ನೀನೊಬ್ಳೇ ಹೋಗಿ ಬಾರೇ," ಎನ್ನುತ್ತಿದ್ದಳು. ಹೋಗಬಹುದಿತ್ತು. ಆದರೆ ಒಬ್ಬಳೇ ನೋಡಿದ್ದನ್ನು ಬಂದು ಯಾರಿಗೆ ಹೇಳುವುದು? ಹಸಿರು ಪಾಸ್‌ಪೋರ್ಟು ಡ್ರಾಯರಿನಲ್ಲೇ ಉಳಿಯಿತು, ಒಂದು ಮುದ್ರೆಯೂ ಬೀಳದೆ.

ಶಾಲೆಯಲ್ಲಿ ಇದೊಂದು ತಮಾಷೆಯಾಗಿತ್ತು. ನಮ್ಮ ಸುಲ್ತಾನರು ವಿಯೆನ್ನಾಕ್ಕೆ ಎರಡು ಸಲ ಮುತ್ತಿಗೆ ಹಾಕಿ, ಬಾಗಿಲ ತನಕ ಹೋಗಿ, ಒಳಗೆ ಕಾಲಿಡಲಾಗದೆ ಮರಳಿದವರು. ನಮ್ಮಲ್ಲಿ ಇನ್ನೇನು ಕೈಗೆ ಸಿಕ್ಕಿತು ಅನ್ನುವಾಗ ತಪ್ಪಿಹೋದ ಎಲ್ಲದಕ್ಕೂ "ವಿಯೆನ್ನಾ ಬಾಗಿಲಿಂದ ವಾಪಸ್" ಅನ್ನುತ್ತಾರೆ. ಇತಿಹಾಸದ ರುಷ್ತು ಮೇಷ್ಟ್ರು ನನ್ನ ಕಂಡಾಗಲೆಲ್ಲ ಸೆಲ್ಯೂಟ್ ಹೊಡೆಯುತ್ತಿದ್ದರು: "ಏನ್ ಟೀಚರ್, ಮೂರನೇ ಮುತ್ತಿಗೆ ಯಾವಾಗ? ಹೋದ್ಸಲ ನಮ್ಮವರು ಕಾಫಿ ಚೀಲ ಅಲ್ಲೇ ಬಿಟ್ಟು ಓಡಿ ಬಂದ್ರು, ಮರೀದೆ ತಗೊಂಡ್ ಬನ್ನಿ."

ಈ ಸಲ ಪೆರಿಹಾನ್ ಮೂರನೆಯ ಬಾರಿ ಅರ್ಜಿ ಹಾಕಿದ್ದಳು. ಮೇ ಹತ್ತೊಂಬತ್ತರ ರಾಷ್ಟ್ರೀಯ ರಜೆಗೆ ವಾರಾಂತ್ಯ ಅಂಟಿಕೊಂಡಿತ್ತು; ಜೊತೆಗೊಂದು ದಿನ ರಜೆ ಹಾಕಿದ್ದೆ, ಚಿಕ್ಕ ಪ್ರವಾಸಕ್ಕೆ ಅಷ್ಟು ಸಾಕು. ಚಳಿಗಾಲವಿಡೀ ನಾನು ಆ ಊರನ್ನು ಓದಿದೆ. ಯಾವ ಅರಮನೆಯ ಮುಂದೆ ಬೆಳಿಗ್ಗೆ ಸಾಲು ಕಡಿಮೆ, ಯಾವ ಮ್ಯೂಸಿಯಮ್ಮಿಗೆ ಯಾವತ್ತು ರಜೆ, ಟ್ರಾಮಿನ ಯಾವ ಪಕ್ಕದ ಕಿಟಕಿಯಲ್ಲಿ ಕೂತರೆ ಒಪೆರಾ ಮನೆ ಕಾಣುತ್ತದೆ, ಎಲ್ಲ ತಿಳಿದುಕೊಂಡೆ. ಪೆರಿಹಾನ್‌ಗೆ ಸಕ್ಕರೆ ಕಾಯಿಲೆ. ಇನ್ಸುಲಿನ್ ಚುಚ್ಚಿಕೊಂಡ ಮೇಲೆ ಹೊತ್ತಿಗೆ ಸರಿಯಾಗಿ ಊಟ ಮಾಡದಿದ್ದರೆ ಕೈ ನಡುಗಿ ಬೆವರುತ್ತಾಳೆ. ಹಾಗಾಗಿ ನನ್ನ ದಾರಿಯಲ್ಲಿ ಅಲ್ಲಲ್ಲಿ ಹಸಿರು ಚುಕ್ಕೆಗಳಿದ್ದವು: ಇಲ್ಲಿ ಬೆಂಚಿದೆ, ಇಲ್ಲಿ ಸೂಪು ಸಿಗುತ್ತದೆ.

"ಬಚ್ಚಲಿಗೆ ಯಾವಾಗ ಹೋಗ್ಬೇಕು ಅನ್ನೋದು ಎಲ್ಲಿದೆ?" ಪೆರಿಹಾನ್ ನಕ್ಷೆಯ ಮೇಲೆ ಬಗ್ಗಿ ಹುಡುಕುವ ನಟನೆ ಮಾಡಿದಳು.

"ನೀಲಿ ಚುಕ್ಕೆ."

"ಅಯ್ಯೋ ದೇವರೇ, ನಿಜವಾಗ್ಲೂ ಇದೆ! ಬೆಲ್ಗಿನ್ ಹೇಳ್ತಿರ್ತಾಳೆ, ಹೊಸ ಊರಲ್ಲಿ ದಾರಿ ತಪ್ಪಬೇಕಂತೆ. ಆಗಲೇ ಊರು ಕಾಣೋದಂತೆ."

ಬೆಲ್ಗಿನ್ ಅವಳ ಟ್ಯೂಷನ್ ಕೇಂದ್ರದಲ್ಲಿ ಇಂಗ್ಲಿಷ್ ಹೇಳಿಕೊಡುವವಳು. ನಮಗಿಂತ ಚಿಕ್ಕವಳು, ದೊಡ್ಡ ಓಲೆ, ದೊಡ್ಡ ನಗು.

"ಇನ್ಸುಲಿನ್ ಕೈಚೀಲ ಹಿಡ್ಕೊಂಡು ದಾರಿ ತಪ್ಪಿದ್ರೆ ಊರು ಕಾಣಲ್ಲ, ಆಸ್ಪತ್ರೆ ಕಾಣುತ್ತೆ," ಎಂದೆ.

ಸಬಿಹಾ ತೇಜೆ ನನ್ನ ಕೈಹಿಡಿದುಕೊಂಡರು. "ಅದಕ್ಕೇ ನಿನ್ನ ಕೈಗೆ ಒಪ್ಪಿಸ್ತಿದೀನಿ. ಬೇರೆ ಯಾರ ಜೊತೆ ಅಂದಿದ್ರೂ ಬಿಡ್ತಿರಲಿಲ್ಲ. ಆ ಓಲೆಯವಳ ಜೊತೆ ಅಂದಿದ್ರಂತೂ ಬಾಗಿಲಿಗೆ ಅಡ್ಡ ಮಲಗ್ತಿದ್ದೆ. ನೀನಿದೀಯ ಅಂದ್ರೆ ನಾನು ನಿದ್ದೆ ಮಾಡ್ತೀನಿ."

"ನನಗೆ ಐವತ್ನಾಲ್ಕು ವರ್ಷ ಅಮ್ಮಾ," ಎಂದಳು ಪೆರಿಹಾನ್.

"ಸಕ್ಕರೆಗೆ ವಯಸ್ಸು ಗೊತ್ತಾಗಲ್ಲ."

ನಾವು ನಕ್ಕೆವು. ಪೆರಿಹಾನ್ ನಕ್ಕಳೋ ಇಲ್ಲವೋ ನಾನು ಗಮನಿಸಲಿಲ್ಲ.

ಇಲ್ಲಿ ನಮ್ಮ ಭಾಷೆಯ ಒಂದು ಮಾತು ಹೇಳಬೇಕು. ಕಣ್ಣಾರೆ ಕಂಡದ್ದಕ್ಕೆ ನಮ್ಮ ಕ್ರಿಯಾಪದದ ಬಾಲ ಒಂದು, ಕೇಳಿ ತಿಳಿದದ್ದಕ್ಕೆ ಇನ್ನೊಂದು. ಬಂದಳು ಅಂದರೆ ನಾನು ನೋಡಿದೆ. ಬಂದಳಂತೆ ಅಂದರೆ ಯಾರೋ ಹೇಳಿದರು. ನನ್ನ ವಿದ್ಯಾರ್ಥಿಗಳು ಪ್ರಯೋಗದ ವರದಿ ಓದುವಾಗ ಬಾಯಿತಪ್ಪಿ "ದ್ರಾವಣ ನೀಲಿಯಾಯಿತಂತೆ" ಎಂದರೆ ಅಲ್ಲೇ ಹಿಡಿಯುತ್ತೇನೆ. "ಅಂತೆ ಅಂದ್ರೆ ಪಕ್ಕದ ಬೆಂಚಿಂದು. ನೀನು ನೋಡಿದ್ದನ್ನ ಹೇಳು. ನೋಡಿಲ್ಲ ಅಂದ್ರೆ ನೋಡಿಲ್ಲ ಅನ್ನು." ಮೂವತ್ತು ವರ್ಷದಿಂದ ಮಕ್ಕಳು ಬೆನ್ನ ಹಿಂದೆ ನನ್ನನ್ನು ಕರೆಯುವುದೇ ಅಂತೆ ಟೀಚರ್ ಎಂದು. ನನಗೆ ಬೇಸರವಿಲ್ಲ.

ಪ್ರವಾಸಕ್ಕೆ ವಾರವಿದೆ ಎನ್ನುವಾಗ ಪೆರಿಹಾನ್ ಫೋನ್ ಮಾಡಿದಳು.

"ಕೊಡಲಿಲ್ಲ ಕಣೇ."

"ಮತ್ತೆ?"

"ಮತ್ತೆ. ಲಕೋಟೆ ಒಡೆದೆ, ಪಾಸ್‌ಪೋರ್ಟ್ ಖಾಲಿ. ಕಣ್ಣಾರೆ ನೋಡಿದೆ."

ಕೊಡಲಿಲ್ಲವಂತೆ ಅಲ್ಲ, ಕೊಡಲಿಲ್ಲ. ನೋಡಿದೆ. ಆ ಬಾಲದ ಮೇಲೆ ನಾನು ಸಂಶಯಪಡುವುದು ಹೇಗೆ?

"ನೀನು ಹೋಗು ನಿಲ್ಗುನ್, ನನಗೋಸ್ಕರ ಯಾಕೆ..."

"ಹುಚ್ಚಿ ಥರ ಆಡ್ಬೇಡ. ಟಿಕೆಟ್ ವಾಪಸ್ ಮಾಡ್ತೀನಿ. ಮುಂದಿನ ವರ್ಷ ನೋಡೋಣ."

ಆಚೆ ಕಡೆ ಸ್ವಲ್ಪ ಹೊತ್ತು ಉಸಿರಿನ ಸದ್ದಷ್ಟೇ ಇತ್ತು. ಅಳುತ್ತಿದ್ದಾಳೆ ಎಂದುಕೊಂಡೆ.

"ಅಮ್ಮನ ಹತ್ರ ಈ ವಿಷಯ ಎತ್ತಬೇಡ ಕಣೇ. ಬೇಜಾರು ಮಾಡ್ಕೋತಾಳೆ. ರಜಾದಲ್ಲಿ ನಾನು ಓದೆಮಿಶ್‌ಗೆ, ಅತ್ತೆ ಮನೆಗೆ ಹೋಗಿ ಬರ್ತೀನಿ. ನಿನಗಂತೂ ಹತ್ತೊಂಬತ್ತಕ್ಕೆ ಸ್ಕೂಲಲ್ಲಿ ಕಾರ್ಯಕ್ರಮ ಇರುತ್ತಲ್ಲ?"

"ಇರುತ್ತೆ. ಮಧ್ಯಾಹ್ನದ ತನಕ."

"ಹ್ಞಾಂ. ಮತ್ತೆ... ಆ ನಕ್ಷೆ ನನ್ನ ಹತ್ರಾನೇ ಇರಲಿ. ನೋಡ್ಕೊಂಡಾದ್ರೂ ಇರ್ತೀನಿ."

ಆ ಮಾತಿಗೆ ನನಗೇ ಅಳು ಬಂತು.

ಹತ್ತೊಂಬತ್ತರ ಬೆಳಿಗ್ಗೆ ನಮ್ಮ ಹೆಡ್‌ಮಾಸ್ತರರ ಮೈಕು ಕೆಟ್ಟಿತು. ಗಂಟಲು ಹರಿದುಕೊಂಡು ಕೂಗಿ ಸಾಕಾಗಿ, ಭಾಷಣ ಅರ್ಧಕ್ಕೆ ಬಿಟ್ಟು ಎಲ್ಲರನ್ನೂ ಮನೆಗೆ ಕಳಿಸಿದರು. ಮಕ್ಕಳು ಕುಣಿದಾಡಿದವು. ಸಬಿಹಾ ತೇಜೆ ಒಬ್ಬರೇ ಇರುತ್ತಾರಲ್ಲ ಎಂದು ನಾನು ಬೇಕರಿಯಿಂದ ಬಿಸಿ ಬೊಯೋಜ್ ಕಟ್ಟಿಸಿಕೊಂಡೆ. ಪದರಪದರವಾಗಿ ಉದುರುವ ಆ ಬನ್ನನ್ನು ಬೇಯಿಸಿದ ಮೊಟ್ಟೆಯ ಜೊತೆ ತಿನ್ನುವುದೆಂದರೆ ಅವರಿಗೆ ಹಬ್ಬ.

ಅವರ ಬೀದಿಗೆ ತಿರುಗಿದಾಗ ಟ್ಯಾಕ್ಸಿಯೊಂದು ಆಚೆ ತುದಿಯಲ್ಲಿ ಮರೆಯಾಗುತ್ತಿತ್ತು. ತೇಜೆ ಮನೆಯ ಮೆಟ್ಟಿಲ ಮೇಲೆ ನಿಂತಿದ್ದರು. ಕೈಯಲ್ಲಿ ಖಾಲಿ ತಾಮ್ರದ ಚೊಂಬು. ಮುಂದಿನ ಕಲ್ಲುಹಾಸಿನ ಮೇಲೆ ನೀರು.

ದೂರ ಹೋಗುವವರ ಹಿಂದೆ ನಾವು ನೀರು ಚೆಲ್ಲುತ್ತೇವೆ: ನೀರಿನ ಹಾಗೆ ಹೋಗು, ನೀರಿನ ಹಾಗೆ ಬಾ. ಮಗ ಸೈನ್ಯಕ್ಕೆ ಹೋದರೆ ಚೆಲ್ಲುತ್ತಾರೆ, ಮಗಳು ಗಂಡನ ಮನೆಗೆ ಹೋದರೆ ಚೆಲ್ಲುತ್ತಾರೆ. ಮಿನಿಬಸ್ಸಿನಲ್ಲಿ ಓದೆಮಿಶ್‌ಗೆ ಹೋಗುವವರಿಗೆ ಯಾರೂ ಚೆಲ್ಲುವುದಿಲ್ಲ. ಮೇ ತಿಂಗಳ ಬಿಸಿಲಿಗೆ ಕಲ್ಲಿನ ಅಂಚು ಆಗಲೇ ಆರತೊಡಗಿತ್ತು. ನಾನು ಆ ಒದ್ದೆಯನ್ನು ನೋಡುತ್ತ ನಿಂತೆ. ಪ್ರಯೋಗದಲ್ಲಿ ಬರಬಾರದ ಬಣ್ಣ ಬಂದಾಗ ಹೀಗೇ ನಿಲ್ಲುತ್ತೇನೆ.

"ಅಯ್ಯೋ, ನೀನಿನ್ನೂ ಇಲ್ಲೇನೇ!" ತೇಜೆ ಎದೆಗೆ ಕೈಯಿಟ್ಟುಕೊಂಡರು. "ಏರ್‌ಪೋರ್ಟಲ್ಲೇ ಸಿಗ್ತೀಯ ಅಂದ್ಳಲ್ಲ ಪೆರಿಹಾನ್! ಈಗ ತಾನೇ ಹೋದ್ಳು! ನಿನ್ನ ಪೆಟ್ಟಿಗೆ ಎಲ್ಲಿ?"

ಒಂದೇ ಉಸಿರಿನಲ್ಲಿ ಎಲ್ಲ ಗೊತ್ತಾಯಿತು. ವೀಸಾ ಬಂದಿತ್ತು. ಅವಳು ಹೋದಳು. ನನ್ನ ಹೆಸರು ಹೇಳಿಕೊಂಡು ಹೋದಳು.

"ಯಾರ್ ಜೊತೆ ಹೋದ್ಳು ತೇಜೆ?"

"ಯಾರ್ ಜೊತೆ ಅಂದ್ರೇನೇ? ನಿನ್ ಜೊತೆ!" ಅವರ ಮುಖ ನಿಧಾನವಾಗಿ ಬಿಳುಚಿತು. ಚೊಂಬು ಹಿಡಿದ ಕೈ ನಡುಗಿತು. "ನೀನು ಹೋಗ್ತಿದೀಯ ತಾನೆ, ನಿಲ್ಗುನ್? ಅವಳೊಬ್ಳೇ ಅಲ್ಲ ತಾನೆ?"

ನಿಜ ಹೇಳುವುದು ನನ್ನ ಬಾಯಿಗೆ ಅಭ್ಯಾಸ. ಆದರೆ ಆ ಕೈ ನೋಡಿದೆ. ನಾಲ್ಕು ರಾತ್ರಿ ಅವರು ಹೀಗೇ ಕಣ್ಣುಬಿಟ್ಟು ಕೂರುವುದು ನನ್ನ ಕಣ್ಣ ಮುಂದೆ ಬಂತು.

"ಹೋಗ್ತಿದೀನಿ ತೇಜೆ. ಪೆಟ್ಟಿಗೆ ಸ್ಟೇಷನ್ನಲ್ಲಿ ಬಿಟ್ಟು ಬಂದೆ. ನಿಮಗೆ ಇದನ್ನ ಕೊಟ್ಟು ಹೋಗೋಣ ಅಂತ."

"ಬೊಯೋಜಿಗೋಸ್ಕರ ವಿಮಾನ ತಪ್ಪಿಸ್ಕೋತೀಯಾ? ತಲೆ ಕೆಟ್ಟಿದೆಯಾ? ಓಡು! ನಿಲ್ಲು, ನಿಲ್ಲು, ಹಾಗೇ ಹೋಗ್ಬೇಡ!"

ಒಳಗೆ ನಲ್ಲಿಯ ಸದ್ದು. ಮೆಟ್ಟಿಲಿಳಿಯಲು ಮಂಡಿ ಬಗ್ಗದ ಮುದುಕಿ ಓಡಿ ಬಂದರು. ನಾನು ತಿರುಗಿ ಹೊರಟೆ. ಬೆನ್ನ ಹಿಂದೆ ನೀರು ಬಿದ್ದು ನನ್ನ ಹಿಮ್ಮಡಿಗಳು ತೊಯ್ದವು. "ನೀರಿನ ಹಾಗೆ ಹೋಗು ಮಗಳೇ, ನೀರಿನ ಹಾಗೆ ಬಾ! ಅವಳ ಸಕ್ಕರೆ ನೋಡ್ಕೋ!"

ಅವರು ಬೀದಿಯ ತುದಿಯವರೆಗೂ ನೋಡುತ್ತಿರುತ್ತಾರೆಂದು ನನಗೆ ಗೊತ್ತಿತ್ತು. ಹಾಗಾಗಿ ಮನೆಯ ಕಡೆ ತಿರುಗಲಾಗಲಿಲ್ಲ, ಸ್ಟೇಷನ್ ಕಡೆ ಹೋದೆ. ಸ್ಟೇಷನ್ನಿನಿಂದ ಮರಳಬಹುದಿತ್ತು. ಬಂದ ರೈಲು ಹತ್ತಿದೆ. ಅದು ಏರ್‌ಪೋರ್ಟಿಗೆ ಹೋಗುವ ರೈಲು.

ಪೆರಿಹಾನ್, ಅವಳ ಜೊತೆ ಬೆಲ್ಗಿನ್, ಇಬ್ಬರೂ ಸಾಮಾನು ಒಪ್ಪಿಸುವ ಸಾಲಿನಲ್ಲಿದ್ದರು. ನಾನು ಒಂದು ಕಂಬದ ಪಕ್ಕ ನಿಂತೆ. ಬೆಲ್ಗಿನ್ ನನ್ನ ನಕ್ಷೆಯನ್ನು ಅಡ್ಡಾದಿಡ್ಡಿ ಮಡಿಚಿ ಬೀಸಣಿಗೆಯಂತೆ ಬೀಸಿಕೊಳ್ಳುತ್ತಿದ್ದಳು. ಏನೋ ಹೇಳಿದಳು. ಪೆರಿಹಾನ್ ಹೊಟ್ಟೆ ಹಿಡಿದುಕೊಂಡು ನಕ್ಕಳು. ಅದು ಹಾಸ್ಟೆಲಿನ ನಗು. ಆ ನಗು ಅವಳಲ್ಲಿ ಇನ್ನೂ ಇದೆ ಎಂದು ನನಗೆ ಗೊತ್ತಿರಲಿಲ್ಲ.

ನನ್ನ ಕಣ್ಣು ತನ್ನಷ್ಟಕ್ಕೆ ಅವಳ ನೀಲಿ ಚೀಲವನ್ನು ಹುಡುಕಿತು, ಇನ್ಸುಲಿನ್ ತಣ್ಣಗಿಡುವ ಚೀಲ. ಹೆಗಲ ಮೇಲಿತ್ತು. ಅಬ್ಬ ಎನ್ನಿಸಿತು. ಹಾಗೆನ್ನಿಸಿದ್ದಕ್ಕೆ ನನ್ನ ಮೇಲೆ ನನಗೇ ಎಷ್ಟು ಸಿಟ್ಟು ಬಂತೆಂದರೆ, ಕರೆಯಲು ತೆರೆದ ಬಾಯಿ ಮುಚ್ಚಿಕೊಂಡೆ. ಅವರು ಗಾಜಿನ ಬಾಗಿಲು ದಾಟಿ ಒಳಗೆ ಹೋದರು. ನಾನು ಮರಳಿದೆ.

ಆ ನಾಲ್ಕು ದಿನ ನನ್ನ ಮನೆಯಲ್ಲಿ ನಾನೇ ಕಳ್ಳಿಯ ಹಾಗಿದ್ದೆ. ತೇಜೆಯ ಬಾಲ್ಕನಿ ಮಾರುಕಟ್ಟೆಯ ದಾರಿಯಲ್ಲೇ ಇದೆ, ಹೊರಗೆ ಕಾಲಿಡುವಂತಿರಲಿಲ್ಲ. ಹಗ್ಗ ಕಟ್ಟಿದ ಬುಟ್ಟಿಯನ್ನು ಹಿಂದಿನ ಕಿಟಕಿಯಿಂದ ಇಳಿಸಿ ಕೆಳಗಿನ ಅಂಗಡಿಯಿಂದ ಬ್ರೆಡ್ಡು ತರಿಸಿದೆ. ಸುಳ್ಳು ಹೇಳಿದವಳು ಅರಮನೆಯ ತೋಟದಲ್ಲಿ ಅಡ್ಡಾಡುತ್ತಿದ್ದಳು. ಸುಳ್ಳನ್ನು ಕಾಯುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಬಂದ ಮರುದಿನವೇ ಪೆರಿಹಾನ್ ನನ್ನ ಮನೆಗೆ ಬಂದಳು. ಕೈಯಲ್ಲಿ ಚಾಕೊಲೇಟ್ ಡಬ್ಬಿ.

"ಅಮ್ಮ ಫೋನ್ ಮಾಡಿದ್ಳು," ಎಂದಳು, ಬಾಗಿಲಲ್ಲೇ ನಿಂತು. "ನಿಲ್ಗುನ್ ಬೊಯೋಜ್ ಕೊಟ್ಟು ಓಡಿದ್ಳಲ್ಲ, ಬಂದು ಸೇರ್ಕೊಂಡ್ಳಾ ಅಂತ. ಸೇರ್ಕೊಂಡ್ಳು, ಪಕ್ಕದಲ್ಲೇ ಇದಾಳೆ ಅಂದೆ. ಆಗ್ಲೇ ನಿನಗೆ ಗೊತ್ತಾಗಿದೆ ಅಂತ ಗೊತ್ತಾಯ್ತು."

"ಪಕ್ಕದಲ್ಲೇ ಇದ್ದೆನಾ?"

"ಚುಚ್ಚಬೇಡ ಕಣೇ."

"ನೀನು ಬೆಲ್ಗಿನ್ ಜೊತೆ ಹೋಗ್ತೀನಿ ಅಂದಿದ್ರೆ ನಾನೇನು ಕಾಲು ಹಿಡ್ಕೋತಿದ್ನಾ? ಕೊಡಲಿಲ್ಲ ಅಂದೆ. ಕಣ್ಣಾರೆ ನೋಡಿದೆ ಅಂದೆ."

ಅವಳು ಡಬ್ಬಿಯ ರಿಬ್ಬನ್ ಎಳೆಯುತ್ತ ನಿಂತಳು. "ಹೇಳಿದ್ರೆ ನಿನ್ ಮುಖ ಹೇಗಾಗ್ತಿತ್ತು ಅಂತ ನನಗ್ಗೊತ್ತು. ಆ ಮುಖ ಇಟ್ಕೊಂಡು ನಾನು ಹೋಗೋಕಾಗ್ತಿರಲಿಲ್ಲ. ನಿನ್ ಜೊತೆ ಹೋಗಿದ್ರೆ ನಾನು ಊರು ನೋಡ್ತಿರಲಿಲ್ಲ ನಿಲ್ಗುನ್. ನೀನು ತೋರಿಸ್ತಿದ್ದೆ. ಈ ಚುಕ್ಕೆ, ಆ ಚುಕ್ಕೆ. ನಾಲ್ಕೇ ನಾಲ್ಕು ದಿನ, ನಾನು ಕಾಯಿಲೆಯವಳು ಅಂತ ಯಾರೂ ನೆನಪು ಮಾಡದೆ ಇರ್ಬೇಕು ಅನ್ನಿಸ್ತು."

"ನಕ್ಷೆ ಮಾತ್ರ ತಗೊಂಡ್ ಹೋದೆ."

ಅವಳು ಹೇಳಿದ್ದರಲ್ಲಿ ಸತ್ಯವಿದ್ದಿರಬಹುದು. ಸತ್ಯವಿದ್ದದ್ದರಿಂದ ಗಾಯ ಚಿಕ್ಕದಾಗಲಿಲ್ಲ.

"ಆ ಸಮಾಧಿ?" ಎಂದೆ ಕೊನೆಗೆ.

"ಹೋಗೋಕಾಗ್ಲಿಲ್ಲ. ಬೆಲ್ಗಿನ್‌ಗೆ ಸ್ಮಶಾನ ಅಂದ್ರೆ ಆಗಲ್ಲ."

ಅಷ್ಟು ಹೊತ್ತೂ ತಡೆದುಕೊಂಡಿದ್ದೆ. ಆಗ ಮಾತ್ರ ಅವಳಿಗೆ ಬೆನ್ನು ಮಾಡಿ ಕಿಟಕಿಯ ಕಡೆ ತಿರುಗಿದೆ.

"ನಾಳೆ ಟೀಗೆ ಬಾ," ಎಂದಳು. "ಅಮ್ಮ ಕಾಯ್ತಿದಾಳೆ. ನಿನ್ನ ಬಾಯಿಂದಾನೇ ಕೇಳ್ಬೇಕಂತೆ. ಒಂದು ಸಲ ನನ್ನ ಮಾನ ಉಳಿಸೇ. ನೀನು ನೋಡಿದ ಹಾಗೇ ಹೇಳು. ನಿನಗೆ ಆ ಊರು ನನಗಿಂತ ಚೆನ್ನಾಗಿ ಗೊತ್ತು."

ಮರುದಿನ ಹೋದೆ. ಅದೇ ಮೇಜು, ಅದೇ ಬೀಜದ ಬಟ್ಟಲು. ತೇಜೆ ನನ್ನ ಎರಡೂ ಕೆನ್ನೆಗೆ ಮುತ್ತಿಟ್ಟು ಪಕ್ಕದಲ್ಲಿ ಕೂರಿಸಿಕೊಂಡರು.

"ಹೇಳೇ, ಹೇಳೇ. ಇವಳ ಬಾಯಲ್ಲಿ ಚೆನ್ನಾಗಿತ್ತು ಅನ್ನೋದು ಬಿಟ್ರೆ ಇನ್ನೊಂದು ಮಾತು ಬರ್ತಿಲ್ಲ. ಅರಮನೆ ಹೇಗಿದೆ?"

ಪೆರಿಹಾನ್ ನನ್ನನ್ನೇ ನೋಡುತ್ತಿದ್ದಳು. ಸುಳ್ಳು ಕಷ್ಟವಿರಲಿಲ್ಲ. ಎಲ್ಲ ವಿವರವೂ ನನ್ನ ನಾಲಿಗೆಯ ತುದಿಯಲ್ಲಿತ್ತು, ಬೇಕಾಗಿದ್ದದ್ದು ಒಂದು ಬಾಲವಷ್ಟೇ. ಬಾಯಿ ತೆರೆದೆ.

"ಗೋಡೆಗೆಲ್ಲ ಹಳದಿ ಬಣ್ಣವಂತೆ, ತೇಜೆ. ಹಿಂದೆ ತೋಟ, ತೋಟದ ಕೊನೆಗೆ ಗುಡ್ಡ. ಗುಡ್ಡದ ಮೇಲಿಂದ ಊರೆಲ್ಲ ಕಾಣುತ್ತಂತೆ."

ಪೆರಿಹಾನಳ ಲೋಟ ತಟ್ಟೆಗೆ ತಾಗಿ ಸದ್ದಾಯಿತು.

"ಮತ್ತೆ ಆ ಸ್ಮಶಾನ?" ತೇಜೆಯ ದನಿ ಸ್ವಲ್ಪ ಇಳಿದಿತ್ತು.

"ಟ್ರಾಮ್ ಬಾಗಿಲಲ್ಲೇ ನಿಲ್ಲುತ್ತಂತೆ. ಬಿಳೀ ಕಲ್ಲು. ಮೇಲೆ ಬರೀ ಆ ಸೂತ್ರ ಕೆತ್ತಿದಾರಂತೆ."

ತೇಜೆ ಓದುಬರಹ ಕಲಿತವರಲ್ಲ, ಆದರೆ ಈ ಭಾಷೆಯಲ್ಲಿ ಎಂಬತ್ತು ವರ್ಷ ಬಾಳಿದವರು. ನನ್ನ ಮುಖ ನೋಡಿದರು, ಮಗಳ ಮುಖ ನೋಡಿದರು. ಬೀಜದ ಬಟ್ಟಲನ್ನು ಮೆಲ್ಲಗೆ ಪಕ್ಕಕ್ಕೆ ಸರಿಸಿದರು.

"ಪೆರಿಹಾನ್, ಟೀ ಆರಿಹೋಯ್ತು. ಬಿಸಿ ಮಾಡ್ಕೊಂಡ್ ಬಾ."

"ಬಿಸಿ ಇದೆಯಲ್ಲ ಅಮ್ಮಾ..."

"ಬಿಸಿ ಮಾಡ್ಕೊಂಡ್ ಬಾ ಅಂದೆ."

ಅವಳು ಎದ್ದು ಹೋದಳು. ತೇಜೆ ನನ್ನ ಕಡೆ ತಿರುಗಲಿಲ್ಲ, ಬೀದಿಯನ್ನೇ ನೋಡುತ್ತ ಕೇಳಿದರು: "ಹಾಗಾದ್ರೆ ನಾನು ಅವತ್ತು ಎಲ್ಲಿಗೆ ಹೋಗೋಳ ಹಿಂದೆ ನೀರು ಚೆಲ್ಲಿದೆ ಮಗಳೇ?"

"ಬಾಗಿಲ ತನಕ ಹೋಗಿದ್ದೆ ತೇಜೆ. ಏರ್‌ಪೋರ್ಟಿನ ಬಾಗಿಲು. ಅಲ್ಲಿಂದ ವಾಪಸ್ ಬಂದೆ."

"ಓಲೆಯವಳಾ?"

ನಾನು ತಲೆಯಾಡಿಸಿದೆ. ಅದನ್ನು ನಾನು ಕಣ್ಣಾರೆ ನೋಡಿದ್ದೆ.

ಅವರು ನನ್ನ ಮಂಡಿಯ ಮೇಲೆ ಕೈಯಿಟ್ಟರು. ಆ ಕೈ ಈಗ ನಡುಗುತ್ತಿರಲಿಲ್ಲ. ಅಡುಗೆಮನೆಯಲ್ಲಿ ನೀರು ಕುದಿಯುವ ಸದ್ದಿತ್ತು. ಪೆರಿಹಾನ್ ಒಳಗಿಂದ ಬರಲಿಲ್ಲ. ನಾನು ಎದ್ದೆ. ಬಾಗಿಲ ಪಕ್ಕದ ಕುರ್ಚಿಯ ಮೇಲೆ ನನ್ನ ನಕ್ಷೆ ಮಡಿಕೆ ಮುರಿದು ಬಿದ್ದಿತ್ತು. ಮುಟ್ಟಲಿಲ್ಲ.

ನನ್ನ ಮನೆ ಅಲ್ಲಿಂದ ಎರಡು ಬೀದಿ ಆಚೆ. ಅಷ್ಟು ದೂರಕ್ಕೆ ಹೋಗುವವರಿಗೆ ಯಾರೂ ನೀರು ಚೆಲ್ಲುವುದಿಲ್ಲ. ಆದರೂ ಕಲ್ಲುಹಾಸಿಗೆ ಇಳಿದು ನಾಲ್ಕು ಹೆಜ್ಜೆ ಹಾಕುವಷ್ಟರಲ್ಲಿ ಹಿಂದೆ ನೀರು ಬಿದ್ದ ಸದ್ದಾಯಿತು, ಒಂದು ಚೊಂಬು ತುಂಬ, ಒಮ್ಮೆಗೇ. ತಾಯಿ ಚೆಲ್ಲಿದರೋ, ಮಗಳು ಚೆಲ್ಲಿದಳೋ, ನಾನು ಹೇಳಲಾರೆ. ತಿರುಗಿ ನೋಡಲಿಲ್ಲ.